ಮಾರುವ ಕಣ್ಣು, ಕೊಳ್ಳುವ ಕಣ್ಣು

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅರ್ಧ ಜಾಗ ನಮಗೆ, ಇನ್ನರ್ಧ ರೇಷ್ಮೆ ಹುಳುಗಳಿಗೆ. ಹುಳು ನಾಲ್ಕನೇ ಜ್ವರ ಎದ್ದ ಮೇಲಂತೂ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಮನೆ ಪೂರ್ತಿ ಅವಕ್ಕೇ, ನಾವು ಜಗಲಿಗೆ. ರಾತ್ರಿ ಸೊಪ್ಪು ಮೇಯುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು.

ಆರನೇ ಕ್ಲಾಸಿನ ರಜೆಯಲ್ಲಿ ಒಂದು ಸಲ ಅಪ್ಪನ ಜೊತೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದೆ. ಆಗ ಶಿಡ್ಲಘಟ್ಟ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಆ ಕಡೆ ಸೇರಿತು. ಹಿಂದಿನ ರಾತ್ರಿ ಅಪ್ಪ ಚಾಪೆಯ ಮೇಲೆ ಗೂಡು ಹರಡಿಕೊಂಡು ಕಲೆ ಬಿದ್ದದ್ದು, ಎರಡು ಹುಳು ಸೇರಿ ಕಟ್ಟಿದ್ದು, ತೆಳ್ಳಗಿದ್ದದ್ದು ಎಲ್ಲವನ್ನೂ ಆರಿಸಿ ಬೇರೆ ಇಟ್ಟಿದ್ದರು. ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ಒಬ್ಬ ರೀಲರ್ ಬಂದು ನಮ್ಮ ಲಾಟಿನೊಳಗೆ ಮೊಣಕೈವರೆಗೂ ಕೈ ಇಳಿಸಿದರು. ಮೇಲಿನ ಗೂಡನ್ನು ಮುಟ್ಟಲೇ ಇಲ್ಲ. ತಳದಿಂದ ಒಂದು ಹಿಡಿ ತೆಗೆದು, ಒಂದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಇನ್ನೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗಲಗಲ ಅನ್ನಬೇಕು. ಅನ್ನದಿದ್ದರೆ ಹುಳು ಒಳಗೇ ಸತ್ತು ಕರಗಿದೆ, ನೂಲು ಸರಿಯಾಗಿ ಬಿಚ್ಚುವುದಿಲ್ಲ. "ಗೂಡು ಚೆನ್ನಾಗಿದೆ ಯಜಮಾನರೇ" ಅಂದರು. ಅಪ್ಪನ ಮುಖ ನೋಡಬೇಕಿತ್ತು.

ಅದೇ ದಿನ ಸಂಜೆ, ಅದೇ ದುಡ್ಡು ಜೇಬಿನಲ್ಲಿ. ದಾರಿಯಲ್ಲಿ ಒಂದು ಬಟ್ಟೆ ಅಂಗಡಿಗೆ ಹೋದೆವು. ನನಗೊಂದು ಲಂಗ, ಅಮ್ಮನಿಗೆ, ಇಬ್ಬರು ಅತ್ತೆಯಂದಿರಿಗೆ ಸೀರೆ. ತಳದಿಂದ ಹಿಡಿ ತೆಗೆಯುವವರಿಗೆ ಗೂಡು ಮಾರಿ ಬಂದ ಅಪ್ಪ ಅಂಗಡಿಯವರನ್ನು ಕೇಳಿದ ಮೊದಲ ಮಾತು: "ಇಷ್ಟು ದುಡ್ಡಿಗೆ ಎಷ್ಟು ಸೀರೆ ಬರುತ್ತಪ್ಪ?"

ಮೊದಲ ಒಗೆತದಲ್ಲೇ ನನ್ನ ಲಂಗ ಬಣ್ಣ ಬಿಟ್ಟಿತು. ಅಪ್ಪನ ಬಿಳಿ ಪಂಚೆ ನಸುಗೆಂಪಾಯಿತು. ಆ ಪಂಚೆ ಉಟ್ಟುಕೊಂಡೇ ಅವರು ಮುಂದಿನ ಬೆಳೆಯ ಗೂಡನ್ನೂ ಮಾರಿ ಬಂದರು.

ಕೇಳುಗರೆ, ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಮಾರುವಾಗ ನಮಗೆ ಗುಣ ಗೊತ್ತು. ಕೊಳ್ಳುವಾಗ ಮಾತ್ರ ಎಣಿಕೆ. ಯಾಕೆ ಹೀಗೆ?

ನಮ್ಮ ಸೀಮೆಯವರಿಗೆ ಗುಣ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿ. ತೋತಾಪುರಿ ಲಾರಿಗಟ್ಟಲೆ ಜ್ಯೂಸ್ ಕಾರ್ಖಾನೆಗೆ ಹೋಗುತ್ತದೆ, ಅದು ತೂಕದ ಹಣ್ಣು. ಬಾದಾಮಿಯನ್ನು ತೊಟ್ಟು ಮುರಿಯದ ಹಾಗೆ ಕಿತ್ತು, ಹುಲ್ಲಿನ ಮೇಲೆ ಮಲಗಿಸುತ್ತಾರೆ, ಅದು ಗುಣದ ಹಣ್ಣು. ಎರಡಕ್ಕೂ ಜಾಗ ಇದೆ, ಯಾವುದು ಎಲ್ಲಿ ಅನ್ನುವುದು ಅವರಿಗೆ ಗೊತ್ತು. ಮಾಲೂರಿನ ಇಟ್ಟಿಗೆ ಗೂಡಿನವರು ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿ, ಟಣ್ ಅಂದರೆ ಬೆಂದಿದೆ, ಡಬ್ ಅಂದರೆ ಬೆಂದಿಲ್ಲ ಅನ್ನುತ್ತಾರೆ. ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಬಾಕ್ಸಿನ ಮೇಲಿನ ಸಾಲು ನೋಡಿ ಕೂಗುವ ವ್ಯಾಪಾರಿ ಬಹಳ ದಿನ ವ್ಯಾಪಾರ ಮಾಡುವುದಿಲ್ಲ. ಇನ್ನು ಮುಳಬಾಗಿಲು ದೋಸೆ. ಅಗಲದಲ್ಲಿ ಅದು ಚಿಕ್ಕ ದೋಸೆ, ದಪ್ಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬೇರೆ ಕಡೆಯ ಮಸಾಲೆ ದೋಸೆ ಮೊರದಷ್ಟು ಅಗಲ ಇರುತ್ತದೆ ಅಂತ ಯಾರಾದರೂ ಮುಳಬಾಗಿಲು ದೋಸೆ ಬಿಟ್ಟು ಎದ್ದು ಹೋದದ್ದುಂಟೇ?

ನಾಲಿಗೆಗೆ ಇರುವ ಈ ವಿವೇಕ ಮೈಗೆ ಯಾಕೆ ಇಲ್ಲ? ಮೂರು ಕಾರಣ ನನಗೆ ಕಾಣುತ್ತವೆ.

ಒಂದು, ನಮ್ಮ ದುಡ್ಡು ಬರುವ ರೀತಿ. ತಿಂಗಳ ಸಂಬಳದ ಹಾಗೆ ಅಲ್ಲ. ಬಂದರೆ ಬೆಟ್ಟದ ಹಾಗೆ, ಹೋದರೆ ಹೊಳೆಯ ಹಾಗೆ. 2023ರ ಜುಲೈ ತಿಂಗಳು ನೆನಪಿರಬೇಕು. 15 ಕೆಜಿ ಟೊಮ್ಯಾಟೊ ಬಾಕ್ಸು ಕೋಲಾರದಲ್ಲಿ ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ಟೊಮ್ಯಾಟೊವನ್ನು ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ನಾವು ನೋಡಿದ್ದೇವೆ. ಹೀಗೆ ಒಮ್ಮೆಗೇ ಬಂದ ದುಡ್ಡಿಗೆ ಒಮ್ಮೆಗೇ ಹೋಗುವ ಅವಸರ. ಮುಂದಿನ ಬೆಳೆ ಏನಾಗುತ್ತೋ, ಈಗಲೇ ಎಲ್ಲರಿಗೂ ಒಂದೊಂದು ತೆಗೆದುಬಿಡೋಣ ಅನ್ನುತ್ತೇವೆ. ಆ ಸಲದ ಮಟ್ಟಿಗೆ ಅದು ಪ್ರೀತಿಯೇ. ಆದರೆ ಪ್ರೀತಿಗೆ ಬಟ್ಟೆ ಮುಟ್ಟಿ ನೋಡುವ ತಾಳ್ಮೆ ಇರುವುದಿಲ್ಲ.

ಎರಡು, ಆಷಾಢ. ಮದುವೆ ಇಲ್ಲದ ತಿಂಗಳು, ಅಂಗಡಿ ಖಾಲಿ ಹೊಡೆಯುವ ತಿಂಗಳು, ಹಾಗಾಗಿ ರಿಯಾಯಿತಿಯ ತಿಂಗಳು. "ಒಂದು ತೊಗೊಂಡರೆ ಎರಡು ಫ್ರೀ" ಬೋರ್ಡಿನ ಕೆಳಗೆ ನಿಂತಾಗ ನಮಗೆ ಬೇಕಾದದ್ದು ಒಂದೇ ಸೀರೆ ಅನ್ನುವುದು ಮರೆತು, ಬಿಟ್ಟರೆ ಎರಡು ನಷ್ಟ ಅನ್ನಿಸಲು ಶುರುವಾಗುತ್ತದೆ.

ಮೂರನೆಯದು ನಮ್ಮ ಕೊಡು-ಕೊಳ್ಳುವಿಕೆ. ಮುಯ್ಯಿಗೆ ಇಷ್ಟು ಸೀರೆ, ಗೌರಿ ಬಾಗಿನಕ್ಕೆ ಇಷ್ಟು, ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಒಂದೊಂದು ರವಿಕೆ ಕಣ. ಇಲ್ಲಿ ಬಟ್ಟೆ ಉಡುವುದಕ್ಕಲ್ಲ, ಎಣಿಸುವುದಕ್ಕೆ. ಮಡಿಸಿದ ಕಣವನ್ನು ಯಾರೂ ಬಿಚ್ಚುವುದಿಲ್ಲ. ಅದು ಬೀರುವಿನಲ್ಲಿ ಮಲಗಿ, ಮುಂದಿನ ಹಬ್ಬಕ್ಕೆ ಎದ್ದು, ಇನ್ನೊಂದು ಮನೆಗೆ ಹೋಗುತ್ತದೆ. ಕೋಲಾರದಲ್ಲಿ ನಾನು ಕೊಟ್ಟ ಒಂದು ಹಸಿರು ಕಣ ನಾಲ್ಕು ವರ್ಷದ ಮೇಲೆ ಮಾಲೂರಿನ ನೆಂಟರ ಮನೆಯಿಂದ ನನಗೇ ವಾಪಸು ಬಂತು. ಅಂಚಿನಲ್ಲಿದ್ದ ಅರಿಶಿನದ ಚುಕ್ಕೆಯಿಂದ ಗುರುತು ಹಿಡಿದೆ. ಅಷ್ಟು ಊರು ಸುತ್ತಿಯೂ ಒಂದು ಹೊಲಿಗೆ ಕಾಣದ ಬಟ್ಟೆ!

ಈಗ ನನ್ನದೇ ತಪ್ಪೊಪ್ಪಿಗೆ. ನಾನು ಗಣಿತದ ಮೇಷ್ಟರಮ್ಮ. ಮಕ್ಕಳಿಗೆ ಲಾಭ-ನಷ್ಟ ಕಲಿಸಿದವಳು. ಒಂದು ವರ್ಷ ಯುಗಾದಿಯ ದಿನ ನನ್ನ ಬೀರುವಿನ ಬಾಗಿಲ ಒಳಮೈಯಲ್ಲಿ ಒಂದು ಕಾಗದ ಅಂಟಿಸಿ, ಪ್ರತಿ ಸೀರೆಯ ಹೆಸರು ಬರೆದೆ. ಉಟ್ಟಾಗಲೆಲ್ಲ ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಗೀಟು. ಮುಂದಿನ ಯುಗಾದಿಗೆ ಲೆಕ್ಕ ಹಾಕಿದೆ.

ಆಷಾಢದ ರಿಯಾಯಿತಿಯಲ್ಲಿ ಸಾವಿರ ರೂಪಾಯಿಗೆ ತಂದ ಮೂರು ಸೀರೆ. ಒಂದಕ್ಕೆ ನಾಲ್ಕು ಗೀಟು, ಒಂದಕ್ಕೆ ಎರಡು, ಮೂರನೆಯದಕ್ಕೆ ಏನೂ ಇಲ್ಲ. ಒಟ್ಟು ಆರು. ಅಂದರೆ ಒಂದು ಸಲ ಉಟ್ಟದ್ದಕ್ಕೆ ಸುಮಾರು ನೂರ ಅರವತ್ತೇಳು ರೂಪಾಯಿ. ಅದೇ ವರ್ಷ "ದುಬಾರಿಯಾಯಿತು" ಅಂತ ಗೊಣಗಿಕೊಂಡು ಸಾವಿರದ ನಾನೂರಕ್ಕೆ ತಂದ ಒಂದು ಕೈಮಗ್ಗದ ಹತ್ತಿ ಸೀರೆ: ನಲವತ್ತೊಂದು ಗೀಟು. ಸಲಕ್ಕೆ ಮೂವತ್ನಾಲ್ಕು ರೂಪಾಯಿ. ಅದು ಎರಡನೇ ವರ್ಷಕ್ಕೂ ಗಟ್ಟಿಯಾಗಿ ಬಂತು, ಲೆಕ್ಕ ಇನ್ನೂ ಇಳಿಯಿತು. ಅಗ್ಗದ್ದು ಯಾವುದು, ದುಬಾರಿ ಯಾವುದು? ಬೆಲೆಚೀಟಿ ಹೇಳುವುದು ಕೊಂಡ ದಿನದ ಮಾತು. ಉಟ್ಟ ದಿನಗಳ ಮಾತು ಹೇಳುವುದು ಈ ಗೀಟು.

ಇದೇ ಲೆಕ್ಕ ನನ್ನನ್ನು ಇನ್ನೊಂದು ಕಡೆಯೂ ಮುಜುಗರಕ್ಕೆ ಸಿಕ್ಕಿಸಿತು. ಹದಿನೆಂಟು ಸಾವಿರದ ರೇಷ್ಮೆ ಸೀರೆಗೆ ಇದ್ದದ್ದು ಮೂರೇ ಗೀಟು! ಸಲಕ್ಕೆ ಆರು ಸಾವಿರ. ಗುಣ ಅಂದರೆ ದುಬಾರಿ ಅಂತ ತಿಳಿದುಕೊಂಡರೂ ಎಡವುತ್ತೇವೆ ಅನ್ನುವುದಕ್ಕೆ ಇದೇ ಸಾಕ್ಷಿ. ಆದರೆ ರೇಷ್ಮೆಯ ಲೆಕ್ಕವನ್ನು ಒಂದು ವರ್ಷಕ್ಕೆ ಮುಗಿಸಬಾರದು. ನಮ್ಮಮ್ಮನ ಧಾರೆ ಸೀರೆಯನ್ನು ನಾನು ಉಟ್ಟೆ, ಈಗ ಮಗಳು ಉಡುತ್ತಾಳೆ. ವರ್ಷಕ್ಕೆ ಎರಡು ಸಲ ನೆರಳಿನಲ್ಲಿ ಆರಹಾಕಿ, ಮಡಿಕೆ ಬದಲಿಸಿ ಇಡುತ್ತೇವೆ. ಒಂದೇ ಮಡಿಕೆಯಲ್ಲಿ ಬಿಟ್ಟರೆ ರೇಷ್ಮೆ ಮಡಿಕೆಗುಂಟ ಸೀಳುತ್ತದೆ. ನೋಡಿಕೊಳ್ಳುವ ಕೈ ಇದ್ದರೆ ಮಾತ್ರ ಗುಣ ಗುಣವಾಗಿ ಉಳಿಯುತ್ತದೆ.

ರೇಷ್ಮೆಯ ಮಾತು ಬಂತು, ಒಂದು ವಿಪರ್ಯಾಸ ಹೇಳಿಬಿಡುತ್ತೇನೆ. ಒಳ್ಳೆಯ ಬಿಳಿ ಗೂಡು ಒಂದರಲ್ಲಿ ಸಾವಿರ ಮೀಟರಿನಷ್ಟು ಎಳೆ ಇರುತ್ತದೆ. ಒಂದು ಕೆಜಿ ಕಚ್ಚಾ ರೇಷ್ಮೆಗೆ ಆರೇಳು ಕೆಜಿ ಗೂಡು ಬೇಕು. ಅರ್ಧ ಕೆಜಿ ತೂಗುವ ಸೀರೆಗೆ ಹೆಚ್ಚುಕಡಿಮೆ ಎರಡು ಸಾವಿರ ಗೂಡು ಅಂತಿಟ್ಟುಕೊಳ್ಳಿ. ಅಷ್ಟು ಗೂಡಿಗಾಗಿ ಇಪ್ಪತ್ತೈದು ದಿನ ಹಗಲು ರಾತ್ರಿ ಸೊಪ್ಪು ಹಾಕಿದ ಹೆಣ್ಣುಮಗಳು, ಮಗಳ ಮದುವೆಗೆ "ಸೆಮಿ ಸಿಲ್ಕ್", "ಆರ್ಟ್ ಸಿಲ್ಕ್" ಅನ್ನುವ ಚೀಟಿಯ ಸೀರೆಯನ್ನು ರೇಷ್ಮೆ ಅಂತಲೇ ನಂಬಿ ತರುತ್ತಾಳೆ. ಆರ್ಟ್ ಅಂದರೆ ಇಲ್ಲಿ ಕಲೆ ಅಲ್ಲ ತಾಯಂದಿರೆ. ಆರ್ಟಿಫಿಷಿಯಲ್ ಅನ್ನುವುದರ ಮೊಟಕು, ಅಂದರೆ ಕೃತಕ. ಅದನ್ನು ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ, ಅದಕ್ಕೂ ಜಾಗ ಇದೆ. ರೇಷ್ಮೆಯ ಬೆಲೆ ಕೊಟ್ಟು ಕೊಂಡರೆ ಮಾತ್ರ ಮೋಸ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಸಿಲ್ಕ್ ಮಾರ್ಕ್ ಅನ್ನುವ ಗುರುತುಚೀಟಿ ಬಂದಿದೆ, ಅಪ್ಪಟ ರೇಷ್ಮೆಗೆ ಅದು ಸಾಕ್ಷಿ. ಚೀಟಿ ಇಲ್ಲದಿದ್ದರೆ ಸೆರಗಿನ ತುದಿಯ ಒಂದು ಎಳೆ ಕಿತ್ತು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇಷ್ಟು ಹೇಳಿದ ಮೇಲೆ ಎಣಿಕೆಯ ಪರವಾಗಿಯೂ ಒಂದು ಮಾತು ಆಡಲೇಬೇಕು, ಇಲ್ಲದಿದ್ದರೆ ಅನ್ಯಾಯ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಮುಳಬಾಗಿಲಿನ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅವಳಿಗೆ ನನ್ನ ಗೀಟಿನ ಕಥೆ ಹೇಳಿದೆ. ನಕ್ಕಳು. "ಮಿಸ್, ನಿಮಗೆ ಎರಡು ಒಳ್ಳೆ ಸೀರೆ ಸಾಕು. ನನಗೆ ವಾರಕ್ಕೆ ಆರು ಶಿಫ್ಟು. ಒಗೆಯೋಕೆ ಭಾನುವಾರ ಒಂದೇ. ಆರು ಕುರ್ತಾ ಇರಲೇಬೇಕು. ಆರೂ ಸಾವಿರದ್ದೇ ತೊಗೊಂಡರೆ ಅಮ್ಮನಿಗೆ ಏನು ಕಳಿಸಲಿ?" ಮೇಷ್ಟರಮ್ಮನ ಬಾಯಿ ಕಟ್ಟಿತು. ಕೈಯಲ್ಲಿ ಒಂದೇ ಸಲಕ್ಕೆ ದುಡ್ಡು ಇರುವವರಿಗೆ ಗುಣ ಅಗ್ಗ. ಇಲ್ಲದವರಿಗೆ ಅದೇ ದುಬಾರಿ. ಶಾಲೆಗೆ ಹೋಗುವ ಮಗು ವರ್ಷಕ್ಕೆ ಎರಡಂಗುಲ ಬೆಳೆಯುತ್ತದೆ, ಅದಕ್ಕೆ ಹತ್ತು ವರ್ಷ ಬಾಳುವ ಬಟ್ಟೆ ತಂದು ಏನು ಮಾಡುವುದು? ಹಿಂದೆ ಇದಕ್ಕೆ ಟೈಲರ್ ಹತ್ತಿರ ಉತ್ತರ ಇತ್ತು. "ಒಳಗೆ ಎರಡು ಬೆರಳು ಬಿಡಿ" ಅನ್ನುತ್ತಿದ್ದೆವು, ಬಿಚ್ಚಿ ದೊಡ್ಡದು ಮಾಡಿಕೊಡುತ್ತಿದ್ದರು. ರೆಡಿಮೇಡ್ ಬಟ್ಟೆಯನ್ನು ಒಳಗೆ ತಿರುಗಿಸಿ ನೋಡಿ, ಎರಡು ಬೆರಳಿರಲಿ, ಎರಡು ಎಳೆ ಬಿಟ್ಟಿರುವುದಿಲ್ಲ.

ಆ ಹುಡುಗಿ ಕೊನೆಗೆ ಮಾಡಿದ್ದು ನನಗಿಂತ ಜಾಣತನದ ಕೆಲಸ. ಆರು ಕುರ್ತಾ ಅಗ್ಗದ್ದೇ ಇಟ್ಟುಕೊಂಡಳು. ಆದರೆ ಒಳಉಡುಪು, ಎಂಟು ಗಂಟೆ ನಿಲ್ಲುವ ಕಾಲಿನ ಚಪ್ಪಲಿ, ಮುಖಕ್ಕೆ ಹಚ್ಚುವ ಕ್ರೀಮು, ಈ ಮೂರರಲ್ಲಿ ಮಾತ್ರ ಒಳ್ಳೆಯದನ್ನೇ ಕೊಳ್ಳುವುದು ಅಂತ ತೀರ್ಮಾನಿಸಿ, ಗೆಳತಿಯರ ಜೊತೆ ಚೀಟಿ ಹಾಕಿದಳು. ನಾವು ಸಾಮಾನ್ಯವಾಗಿ ಮಾಡುವುದು ಇದರ ತದ್ವಿರುದ್ಧ. ವರ್ಷಕ್ಕೆ ಎರಡು ಸಲ ಹೊರಬರುವ ಸೀರೆಗೆ ಸಾವಿರಗಟ್ಟಲೆ. ದಿನಾ ಚರ್ಮಕ್ಕೆ ತಾಗುವುದಕ್ಕೆ ಮಾತ್ರ "ಯಾವುದೋ ಒಂದು ಕೊಡಪ್ಪ". ಮೈಗೆ ಎಷ್ಟು ಹತ್ತಿರವೋ ಅಷ್ಟು ಗುಣ ನೋಡಬೇಕು. ಅವಳು ಕಲಿಸಿದ ಈ ಪಾಠವನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಆ ಹತ್ತಿರದ ವಸ್ತುಗಳಲ್ಲಿ ಮೊದಲನೆಯದು ಅಲಂಕಾರದ ಸಾಮಾನು. ನಮ್ಮಜ್ಜಿಯ ಕಾಲದಲ್ಲಿ ಅದೆಲ್ಲ ಗೋಡೆಯ ಒಂದು ಗೂಡಿನಲ್ಲಿ ಹಿಡಿಯುತ್ತಿತ್ತು. ಸಬ್ಬಕ್ಕಿಯನ್ನು ಕಪ್ಪಗೆ ಹುರಿದು, ನೀರು ಹಾಕಿ ಪಾಕ ಬರುವವರೆಗೆ ಕಾಯಿಸಿ, ತೆಂಗಿನ ಕರಟಕ್ಕೆ ಹೊಯ್ದು ಒಣಗಿಸಿದ ಸಾದು. ಒಂದು ಹನಿ ನೀರು ಬಿಟ್ಟು ಬೆರಳಲ್ಲಿ ತೇಯ್ದರೆ ಹಣೆಗೆ ಬೊಟ್ಟು. ಒಂದು ಕರಟ ವರ್ಷಗಟ್ಟಲೆ. ಅದರ ಪಕ್ಕ ಒಂದು ಮೈಸೂರ್ ಸ್ಯಾಂಡಲ್ ಸೋಪು, ಹಬ್ಬಕ್ಕೆ ಮಾತ್ರ. ಮೊದಲನೇ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಗಂಧದೆಣ್ಣೆ ತೆಗೆಯಲು ಶುರುಮಾಡಿತು, ಆ ಎಣ್ಣೆಯಿಂದಲೇ ಈ ಸೋಪು ಹುಟ್ಟಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಅಂದಿನ ನಮ್ಮ ಕೋಲಾರ ಜಿಲ್ಲೆಯದೇ. ಸೋಪು ತೆಳ್ಳಗೆ ಚಂದ್ರನ ಹಾಗೆ ಸವೆದ ಮೇಲೆ ಅಜ್ಜಿ ಅದನ್ನು ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದಳು. ಒಂದು ಚೂರೂ ನೀರುಪಾಲಾಗುತ್ತಿರಲಿಲ್ಲ.

ಈಗ ನನ್ನ ತಂಗಿಯ ಮಗಳ ಡಬ್ಬಿ ತೆಗೆದರೆ ಹದಿನಾಲ್ಕು ಲಿಪ್‌ಸ್ಟಿಕ್. ದೊಡ್ಡಮ್ಮನ ಅಧಿಕಾರದಲ್ಲಿ ಕೇಳಿದೆ: "ಹಚ್ಚೋದು ಎಷ್ಟು ಇದರಲ್ಲಿ?" "ಎರಡು, ದೊಡ್ಡಮ್ಮ." ಮಿಕ್ಕ ಹನ್ನೆರಡರಲ್ಲಿ ಕೆಲವು ಹಳೆಯ ಎಣ್ಣೆಯ ವಾಸನೆ ಹೊಡೆಯುತ್ತಿದ್ದವು. ಬಟ್ಟೆ ಬೀರುವಿನಲ್ಲಿ ಕಾಯುತ್ತದೆ. ಅಲಂಕಾರದ ಸಾಮಾನು ಕಾಯುವುದಿಲ್ಲ. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಭರಣಿಯ ಸಣ್ಣ ಚಿತ್ರ, ಅದರಲ್ಲಿ 6, 12, 24 ಅಂತ ಅಂಕಿ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ. ಕಣ್ಣಿಗೆ ಹಚ್ಚುವುದಕ್ಕಂತೂ ಅವಧಿ ಇನ್ನೂ ಕಡಿಮೆ. ಹದಿನಾಲ್ಕು ಕೊಂಡು ಎರಡನ್ನು ಹಚ್ಚುವುದಕ್ಕಿಂತ, ಎರಡೇ ಒಳ್ಳೆಯದನ್ನು ಕೊಂಡು ತಳದವರೆಗೂ ಹಚ್ಚಿ ಮುಗಿಸುವುದು ತುಟಿಗೂ ಕ್ಷೇಮ, ಕೈಗೂ ಕ್ಷೇಮ.

ಅವಳಿಗೇ ಇನ್ನೊಂದು ಪೆಟ್ಟು ಬಿತ್ತು. ಮದುವೆಗೆ ಮುಂಚೆ ಬೆಳ್ಳಗಾಗಬೇಕು ಅಂತ ಯಾರೋ ಕೊಟ್ಟ ಪುಟ್ಟ ಡಬ್ಬಿಯ ಕ್ರೀಮು. ಹತ್ತು ದಿನದಲ್ಲಿ ಮುಖ ನಿಜವಾಗಿಯೂ ತಿಳಿಯಾಯಿತು. ಹದಿನೈದನೇ ದಿನ ಕೆನ್ನೆ ಉರಿದು ಸಿಪ್ಪೆ ಎದ್ದಿತು. ಡಬ್ಬಿ ತಿರುಗಿಸಿ ನೋಡಿದೆ: ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ಲೈಸೆನ್ಸ್ ಸಂಖ್ಯೆ ಇಲ್ಲ, ಬ್ಯಾಚ್ ಸಂಖ್ಯೆ ಇಲ್ಲ. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಚರ್ಮ ಬಣ್ಣ ತಯಾರಿಸುವುದನ್ನು ಅದು ತಡೆಯುತ್ತದೆ, ಅದಕ್ಕೇ ಅಷ್ಟು ಬೇಗ ಬೆಳ್ಳಗಾಗುವುದು. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ಕಾಯಿಲೆಯಿಂದ ಬಂದ ಹಲವರನ್ನು ವಿಚಾರಿಸಿದಾಗ ಹೊರಬಿದ್ದದ್ದು ಇಂಥ ಬಿಳುಪಿನ ಕ್ರೀಮುಗಳ ಕಥೆ. ನಮ್ಮ ದೇಶದ 2020ರ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಬೇಕೆಂದೇ ಪಾದರಸ ಬೆರೆಸುವ ಹಾಗಿಲ್ಲ. ಹಾಗಾಗಿ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಇಲ್ಲದ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ಬೇಡ ಅನ್ನಿ. ನಮ್ಮ ಮಣ್ಣಿನ ಬಣ್ಣದ ಮುಖಕ್ಕೆ ಏನು ಕಡಿಮೆಯಾಗಿದೆ ಅನ್ನುವ ಪ್ರಶ್ನೆಯನ್ನೂ ಕನ್ನಡಿಯ ಮುಂದೆ ನಿಂತು ಒಮ್ಮೆ ಕೇಳಿಕೊಳ್ಳಿ.

ಬೇರೆ ಊರಿನವರಿಗೆ ಬಟ್ಟೆಯ ಎಣಿಕೆ ದುಡ್ಡಿನ ಪ್ರಶ್ನೆ ಇರಬಹುದು. ನಮಗೆ ಅದು ನೀರಿನ ಪ್ರಶ್ನೆಯೂ ಹೌದು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆದ ಬೋರಿನಲ್ಲಿ ಧೂಳು ಬಂದದ್ದನ್ನು ಕಂಡವರು ನಾವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದ ದಿನ ಕೆರೆ ತುಂಬುವುದನ್ನು ನೋಡಲು ಹೋದ ಜನ ನಾವು. ಒಂದು ಹತ್ತಿ ಟೀ ಶರ್ಟ್ ಹೊಲದಿಂದ ಅಂಗಡಿಗೆ ಬರುವಷ್ಟರಲ್ಲಿ ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆ ಅನ್ನುವುದು ಪರಿಸರ ಸಂಸ್ಥೆಗಳ ಅಂದಾಜು. ಹಾಗಾದರೆ ಎರಡು ಟೀ ಶರ್ಟ್ ಅಂದರೆ ನಮ್ಮ ಬೀದಿಗೆ ಬರುವ ಒಂದು ಟ್ಯಾಂಕರ್. ಆ ನೀರು ಎಲ್ಲೋ ದೂರದ ಹೊಲದ್ದಿರಬಹುದು. ಆದರೆ ಬಿಂದಿಗೆ ಹಿಡಿದು ಟ್ಯಾಂಕರ್ ಹಿಂದೆ ಓಡಿದವರಿಗೆ, ಒಂದೇ ಸಲ ಹಾಕಿ ಮೂಲೆಗೆ ಎಸೆದ ಅಂಗಿ ಬರೀ ಅಂಗಿಯಾಗಿ ಕಾಣಬಾರದು.

ಹಾಗಾದರೆ ಅಂಗಡಿಯಲ್ಲಿ ಏನು ಮಾಡಬೇಕು? ಹೊಸದೇನೂ ಕಲಿಯಬೇಕಾಗಿಲ್ಲ. ಗೂಡಿನ ಲಾಟಿಗೆ ರೀಲರ್ ಮಾಡಿದ್ದನ್ನೇ ನಾವು ಬಟ್ಟೆಗೆ ಮಾಡಬೇಕು. "ರಾ ಅಕ್ಕಾ, ಚೂಡಕ್ಕಾ" ಅಂತ ತೆಲುಗಿನಲ್ಲಿ ಕರೆದು ಅಂಗಡಿಯವರು ಹರಡಿದ್ದರ ಮೇಲ್ಮೈ ನೋಡಿ ಮರುಳಾಗುವುದು ಬೇಡ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ನೇಯ್ಗೆ ಸಮವಾಗಿದೆಯೇ ಕಾಣುತ್ತದೆ. ಮುಷ್ಟಿಯಲ್ಲಿ ಹಿಂಡಿ ಹತ್ತು ಎಣಿಸಿ ಬಿಡಿ, ಸುಕ್ಕು ಎಷ್ಟು ಉಳಿಯುತ್ತದೆ ನೋಡಿ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒಂದು ಮೂಲೆ ಉಜ್ಜಿ, ಅಪ್ಪನ ಪಂಚೆಗೆ ಆದ ಗತಿ ಅಲ್ಲೇ ಗೊತ್ತಾಗುತ್ತದೆ. ಹೊಲಿದದ್ದನ್ನು ಒಳಗೆ ತಿರುಗಿಸಿ ಹೊಲಿಗೆ ಎಳೆದು ನೋಡಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದಕ್ಕೆ ಎಷ್ಟು ಗೀಟು ಬೀಳುತ್ತದೆ?

ಕೊನೆಯದಾಗಿ, ಆ ರವಿಕೆ ಕಣದ ವಿಷಯ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ಮಾಮೂಲಿನ ಹಾಗೆ ಮೂವತ್ತು ಕಣ ತರಲಿಲ್ಲ. ಅದೇ ದುಡ್ಡಿಗೆ ಒಳ್ಳೆಯ ಹತ್ತಿಯದು ಹನ್ನೆರಡು ಬಂತು. ಹನ್ನೆರಡೇ ಮನೆಯವರಿಗೆ ಕಣ ಕೊಟ್ಟೆ, ಮಿಕ್ಕವರಿಗೆ ತಾಂಬೂಲದ ಜೊತೆ ಒಂದೊಂದು ಬಾಳೆಹಣ್ಣು ಹೆಚ್ಚು ಕೊಟ್ಟೆ. ಯಾರಾದರೂ ಏನಾದರೂ ಅಂದುಕೊಂಡರೇನೋ ಅಂತ ಎರಡು ದಿನ ನಿದ್ದೆ ಬರಲಿಲ್ಲ. ತಿಂಗಳಾದ ಮೇಲೆ ಎದುರುಮನೆಯಾಕೆ ಬೆಳಿಗ್ಗೆ ಹಾಲಿಗೆ ಬಂದರು. ಅವರ ತೋಳಿನ ಮೇಲೆ ಆ ಕಣದ ನೀಲಿ ಗೆರೆ. "ಬಟ್ಟೆ ಮೆತ್ತಗಿದೆ ಅಕ್ಕಾ, ಅದಕ್ಕೇ ಹೊಲಿಸಿಬಿಟ್ಟೆ" ಅಂದರು.

ಮದುವೆಯಾಗಿ ಬಂದಾಗಿನಿಂದ ನಾನು ಅದೆಷ್ಟು ನೂರು ಕಣ ಕೊಟ್ಟಿದ್ದೇನೋ. ಒಂದನ್ನು ಒಬ್ಬರ ಮೈಮೇಲೆ ನೋಡಿದ್ದು ಅದೇ ಮೊದಲು.